ಎಇ86: ಎರಡನೇ ಗೇರ್‌ಗೆ ಇಳಿಸಿದ ಕೂಡಲೇ ಕಾರು ಗಿರಕಿ ಹೊಡೆಯುತ್ತಿದೆ, ಸಹಾಯ ಬೇಕು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಸೆಟ್ಟೊ ಕೊರ್ಸಾ ಅನ್ನೋ ಕಾರ್ ರೇಸಿಂಗ್ ವಿಡಿಯೋ ಗೇಮ್‌ನಲ್ಲಿ ಟೊಯೊಟಾ ಎಇ86 ಓಡಿಸುತ್ತಿದ್ದೇನೆ. ಟ್ರ್ಯಾಕ್ ಜಪಾನಿನ ತ್ಸುಕುಬಾ, ಅದರ ಮಾಡ್ (ಆಟಕ್ಕೆ ಹೊರಗಿನಿಂದ ಸೇರಿಸುವ ಫೈಲ್) ಹಾಕಿಕೊಂಡಿದ್ದೇನೆ. ಎಡಕ್ಕೆ ತಿರುಗುವ ಮೊದಲ ಹೇರ್‌ಪಿನ್ (ಯು ಆಕಾರದ ಕಡಿದಾದ ತಿರುವು) ಹತ್ತಿರ ಬ್ರೇಕ್ ಒತ್ತಿ ಮೂರರಿಂದ ಎರಡಕ್ಕೆ ಇಳಿಸುತ್ತೇನೆ. ಕ್ಲಚ್ ಬಿಟ್ಟ ತಕ್ಷಣ ಹಿಂಭಾಗ ಬಲಕ್ಕೆ ಜಾರಿ, ಕಾರು ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತದೆ. ಹತ್ತು ಸುತ್ತಿನಲ್ಲಿ ಏಳು ಸಲ ಹೀಗೇ. ಹೋದ ತಿಂಗಳವರೆಗೂ ಈ ತೊಂದರೆ ಇರಲಿಲ್ಲ. ಟೈರ್ ಗಾಳಿ ಇಳಿಸಿದೆ, ಫೋರ್ಸ್ ಫೀಡ್‌ಬ್ಯಾಕ್ (ಸ್ಟಿಯರಿಂಗ್ ಕೈಗೆ ಕೊಡುವ ಎಳೆತ) ಹೆಚ್ಚು ಕಡಿಮೆ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ. ಈ ಕಾರು ನನಗೆ ತುಂಬಾ ಇಷ್ಟ. ಬಿಟ್ಟು ಬೇರೆಯದು ಓಡಿಸೋಕೆ ಮನಸ್ಸಿಲ್ಲ.

ಉತ್ತರ 1:
ಹಿಡಿತ ಜಾಸ್ತಿ ಇರೋ ಟೈರ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಜಾರೋದು ಸ್ವಲ್ಪ ತಡ ಆಯಿತು. ಆದರೆ ಒಮ್ಮೆ ಜಾರಿದರೆ ಹಿಡಿಯೋಕೆ ಸಮಯವೇ ಸಿಗಲ್ಲ.

ಉತ್ತರ 2:
ಹೋದ ತಿಂಗಳು ಏನಾದರೂ ಬದಲಾಯಿಸಿದ್ರಾ? ಹೊಸ ಪೆಡಲ್, ಹೊಸ ಸೆಟ್ಟಿಂಗ್?

ಪ್ರಶ್ನೆ ಕೇಳಿದವರು:
ಎಚ್ ಶಿಫ್ಟರ್ (ನಿಜವಾದ ಕಾರಿನಲ್ಲಿರುವಂಥ ಗೇರ್ ಕೋಲು) ತಗೊಂಡೆ. ನಿಜವಾದ ಕಾರಿನ ಹಾಗಿರಲಿ ಅಂತ ಆಟವೇ ಕ್ಲಚ್ ಒತ್ತುವ ಆಟೋ ಕ್ಲಚ್, ಜೊತೆಗೆ ಆಟೋ ಬ್ಲಿಪ್, ಎರಡನ್ನೂ ಆಫ್ ಮಾಡಿದೆ.

ಉತ್ತರ 2:
ಅಲ್ಲೇ ಇದೆ ನೋಡಿ. ಆಟೋ ಬ್ಲಿಪ್ ಇದ್ದಾಗ, ಗೇರ್ ಇಳಿಸುವ ಹೊತ್ತಿಗೆ ಆಟವೇ ಆಕ್ಸಿಲರೇಟರ್ ಒಮ್ಮೆ ಒತ್ತಿ ಇಂಜಿನ್ ವೇಗ ಏರಿಸುತ್ತಿತ್ತು. ಈ ಕಾರಿನಲ್ಲಿ ಇಂಜಿನ್ ತಿರುಗಿಸೋದು ಹಿಂದಿನ ಚಕ್ರಗಳನ್ನು, ಹಾಗಾಗಿ ಈಗ ಆ ಕೆಲಸ ಅವುಗಳ ತಲೆಗೆ ಬಿದ್ದಿದೆ.

ಮೂರನೇ ಗೇರ್ ಅನುಪಾತ (ಗೇರ್‌ಬಾಕ್ಸ್‌ನಿಂದ ಹೊರಬರುವ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು) 1.384, ಎರಡನೆಯದು 2.022. ಅದೇ ವೇಗದಲ್ಲಿ ಎರಡಕ್ಕೆ ಬಂದರೆ ಇಂಜಿನ್ ಸುಮಾರು ಒಂದೂವರೆ ಪಟ್ಟು ತಿರುಗಬೇಕು. ಗಂಟೆಗೆ 80 ಕಿ.ಮೀ. ಇದ್ದಾಗ ಮೂರರಲ್ಲಿ 4,400 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಆಸುಪಾಸು. ಎರಡಕ್ಕೆ 6,400 ಬೇಕು. 100ರಲ್ಲೇ ಇಳಿಸಿದ್ರೆ 8,000 ಬೇಕು, ಅಂದರೆ ಸೂಜಿ ಇಂಜಿನ್ ಮಿತಿಯ ಕೆಂಪು ಗೆರೆಯನ್ನೂ ದಾಟಿತು.

ಆ ಎರಡು ಸಾವಿರ ಆರ್‌ಪಿಎಂ ಏರಿಸುವ ಎಳೆತ ಪೂರ್ತಿ ಹಿಂದಿನ ಟೈರ್ ಮೇಲೆ. ಬ್ರೇಕ್ ಒತ್ತಿರೋದರಿಂದ ಭಾರ ಮುಂದಕ್ಕೆ ಹೋಗಿದೆ. ಕಾರೇ 950 ಕೆ.ಜಿ. ಆಸುಪಾಸು, ಹಿಂಭಾಗ ಇನ್ನೂ ಹಗುರ. ಸ್ಟಿಯರಿಂಗ್ ಬೇರೆ ತಿರುಗಿದೆ. ತಿರುವಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದ ಹಾಗೇ ಆಗುತ್ತದೆ. ಟೈರ್ ಬದಲಿಸಿ ಇದನ್ನು ಮುಚ್ಚೋಕೆ ಹೋಗಬೇಡಿ.

ಮೊದಲು ನೇರ ರಸ್ತೆಯಲ್ಲಿ ಪರೀಕ್ಷೆ ಮಾಡಿ. 80ರಲ್ಲಿ, ಬ್ರೇಕ್ ಮುಟ್ಟದೆ, ಸುಮ್ನೆ ಎರಡಕ್ಕೆ ಇಳಿಸಿ ಕ್ಲಚ್ ಬಿಡಿ. ಮೂಗು ಬಗ್ಗುತ್ತದೆ, ಹಿಂದಿನ ಟೈರ್ ಕಿರ್ ಅನ್ನುತ್ತದೆ. ಇನ್ನೊಂದು ಸಲ ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರ್ ತಟ್ಟಿ ಸೂಜಿಯನ್ನು 6,000 ದಾಟಿಸಿ. ಗೇರ್ ಬಿದ್ದದ್ದೇ ಗೊತ್ತಾಗಲ್ಲ.

ಇದು ಕೈಗೆ ಬಂದ ಮೇಲೆ ಹೀಲ್ ಅಂಡ್ ಟೋ, ಅಂದರೆ ಒಂದೇ ಕಾಲಿನಲ್ಲಿ ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಒತ್ತೋದು. ಮುಂಪಾದ ಬ್ರೇಕ್ ಮೇಲಿರಲಿ, ಪಾದದ ಬಲ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ. ಪೆಡಲ್‌ಗಳ ನಡುವೆ ಜಾಗ ಜಾಸ್ತಿ ಇದ್ದರೆ ಆಕ್ಸಿಲರೇಟರ್ ಪ್ಲೇಟನ್ನು ಬ್ರೇಕ್ ಕಡೆಗೆ ಸರಿಸೋಕೆ ಆಗುತ್ತಾ ನೋಡಿ. ತೆರೆಯ ಮೇಲೆ ಆಟದ ಪೆಡಲ್ಸ್ ಆ್ಯಪ್ ತೆರೆದಿಡಿ, ಯಾವ ಪೆಡಲ್ ಎಷ್ಟು ಒತ್ತಿದೆ ಅಂತ ಅದು ತೋರಿಸುತ್ತದೆ. ಬ್ರೇಕಿನ ಕೆಂಪು ಪಟ್ಟಿ ಅಲುಗಬಾರದು, ಆಕ್ಸಿಲರೇಟರಿನ ಹಸಿರು ಪಟ್ಟಿ ಮಾತ್ರ ಚಂಗನೆ ಎದ್ದು ಇಳಿಯಬೇಕು. ಗೇರನ್ನು ತಡವಾಗಿ ಇಳಿಸಿ, ವೇಗ ತಗ್ಗಿಸೋ ಕೆಲಸ ಬ್ರೇಕಿನದು.

1983ರಲ್ಲಿ ಬಂದ ಕಾರು ಇದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಆಕ್ಸಿಲರೇಟರ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ನಮ್ಮ ಕಾಲು ಮಾಡಿದ್ದನ್ನು ಹಾಗೇ ತೋರಿಸುತ್ತದೆ. ನಾನು ಓಡಿಸೋದು ಕಲಿತದ್ದೇ ಇದರಲ್ಲಿ.

ಪ್ರಶ್ನೆ ಕೇಳಿದವರು:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ರಿಪ್ಲೇ ನೋಡಿದೆ, ನಾನು 95ರಲ್ಲೇ ಇಳಿಸುತ್ತಿದ್ದೆ! ಈಗ 70ಕ್ಕೆ ಬಂದ ಮೇಲೆ ಇಳಿಸುತ್ತೇನೆ. ಇವತ್ತು ಹದಿನೈದು ಸುತ್ತಿನಲ್ಲಿ ಒಂದೇ ಸಲ ಜಾರಿತು, ಅದನ್ನೂ ಸ್ಟಿಯರಿಂಗ್ ಎದುರು ತಿರುಗಿಸಿ ಹಿಡಿದೆ. ತುಂಬಾ ಥ್ಯಾಂಕ್ಸ್ ಸರ್. ಆಕ್ಸಿಲರೇಟರ್ ತಟ್ಟುವಾಗ ಮಾತ್ರ ಕೆಂಪು ಪಟ್ಟಿ ಇನ್ನೂ ಸ್ವಲ್ಪ ಮೇಲೇರುತ್ತದೆ.

ಉತ್ತರ 2:
ಇಡೀ ಕಾಲನ್ನು ಒತ್ತುತ್ತಿದ್ದೀರಿ ಅನ್ಸುತ್ತೆ. ಕಣಕಾಲನ್ನು ಮಾತ್ರ ಬಲಕ್ಕೆ ಹೊರಳಿಸಿ. ಶೂ ಬಿಚ್ಚಿ, ಬರೀ ಸಾಕ್ಸ್‌ನಲ್ಲಿ ಒಮ್ಮೆ ಓಡಿಸಿ ನೋಡಿ, ಅಂಚು ಎಲ್ಲಿ ತಾಗುತ್ತೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ.