ಪದ ಬೇಕು: ‘ಡ್ರ್ಯಾಗ್ ಸ್ಟ್ರಿಪ್’, ‘ಲಾಂಚ್’, ‘ಟ್ಯೂನಿಂಗ್’ (ಸಂಜೆಯೊಳಗೆ)

ಕಾಸರಗೋಡಿನಿಂದ, ಬೆಳಿಗ್ಗೆ:

ಎಲ್ಲರಿಗೂ ನಮಸ್ಕಾರ. ಪತ್ರಿಕೆಯೊಂದರ ವಾಹನ ಪುಟಕ್ಕೆ ಅನುವಾದ ಮಾಡ್ತಾ ಇದ್ದೇನೆ. ಅಮೆರಿಕದಲ್ಲಿ 1969ರ ಶೆವರ್ಲೆ ಕ್ಯಾಮರೊವನ್ನು ರಸ್ತೆಯ ಕಾರಾಗಿಯೇ ಉಳಿಸಿಕೊಂಡು ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಇನ್ನೂ ಬೇಗ ಓಡಿಸುವುದು ಹೇಗೆ ಎಂಬುದು ವಿಷಯ. ನೇರ ದಾರಿ, ಕಾಲು ಮೈಲಿ ಅಂದರೆ 402 ಮೀಟರ್, ಎರಡು ಕಾರು ಅಕ್ಕಪಕ್ಕ. ಶೀರ್ಷಿಕೆಗೆ ‘ಟ್ಯೂನಿಂಗ್’ ಬೇಕು, ಜಾಗ ಒಂದೇ ಸಾಲು. ‘ಲಾಂಚ್’ ಅಂದರೆ ನಿಂತ ಕಾರು ಒಮ್ಮೆಲೇ ಗೆರೆ ಬಿಟ್ಟು ಹೊರಡುವುದು; ಅದಕ್ಕೆ ‘ಆರಂಭ’ ಸಪ್ಪೆ, ‘ಉಡಾವಣೆ’ ಅಂದರೆ ಶ್ರೀಹರಿಕೋಟ ನೆನಪಾಗ್ತದೆ. ‘ಡ್ರ್ಯಾಗ್’ಗೆ ‘ಎಳೆತ’ ಹಾಕುವ ಹಾಗಿಲ್ಲ, ಗಾಳಿಯ ತಡೆಗೆ ಅದೇ ಪದ ಲೇಖನದಲ್ಲಿ ಬೇರೆ ಕಡೆ ಉಂಟು. ಸಂಜೆ ಐದಕ್ಕೆ ಕಳಿಸಬೇಕು.

ನೀರ್ಚಾಲಿನಿಂದ:

‘ಹುರಿಗೊಳಿಸು’ ಇರುವಾಗ ಹುಡುಕಾಟ ಯಾಕೆ? ಹಳಗನ್ನಡದ ‘ಪುರಿ’, ಪಕಾರ ಹಕಾರವಾಗಿ ‘ಹುರಿ’. ತಮಿಳಿನಲ್ಲಿ ಇನ್ನೂ ‘ಪುರಿ’, ನಮ್ಮ ಕರಾವಳಿಯ ಮಲಯಾಳದಲ್ಲಿ ಕಯರು ಹೊಸೆಯುವುದಕ್ಕೆ ‘ಪಿರಿ’. ತಿರುಚಿ ಬಿಗಿ ಮಾಡುವುದೇ ಮೂಲಾರ್ಥ. ಇಂಗ್ಲಿಷಿನ ‘ಟ್ಯೂನ್’ ಕೂಡ ‘ಟೋನ್’ನ ಇನ್ನೊಂದು ರೂಪ, ಅದರ ಹಿಂದಿರುವ ಗ್ರೀಕಿನ ‘ಟೋನೊಸ್’ ಅಂದರೆ ಎಳೆದು ಬಿಗಿಯುವುದು. ಹೀಗೆ ಅರ್ಥಕ್ಕೆ ಅರ್ಥ ಕೂಡುವ ಜೋಡಿ ಅಪರೂಪ. ಶೀರ್ಷಿಕೆ: ‘ಹಳೇ ಕಾರಿನ ಹುರಿಗೊಳಿಕೆ’.

ಬೆಂಗಳೂರಿನಿಂದ:

ಎಂಜಿನ್ ಹುರಿಯಲು ಬಾಣಲೆ ಎಷ್ಟು ದೊಡ್ಡದು ಬೇಕು ಮಾಷ್ಟ್ರೇ? ‘ಶೃತಿಗೊಳಿಸು’ ಎಲ್ಲರಿಗೂ ಗೊತ್ತು.

ಮೈಸೂರಿನಿಂದ:

‘ಶೃತಿ’ ಅಲ್ಲ, ‘ಶ್ರುತಿ’. ಗ್ರೀಕ್ ತನಕ ಹೋದವರು ಪಕ್ಕದಲ್ಲಿದ್ದ ಸಂಸ್ಕೃತವನ್ನು ಬಿಟ್ಟದ್ದು ವಿಚಿತ್ರ. ‘ಟೋನೊಸ್’ ಹುಟ್ಟಿದ ಬೇರಿನಿಂದಲೇ ನಮ್ಮ ‘ತನ್’ ಧಾತು, ಅದರಿಂದ ತಂತು, ತಂತಿ, ತಾನ. ಸಂಬಂಧಿಕರು ಮನೆಯಲ್ಲೇ ಇರುವಾಗ ಹಗ್ಗದ ಅಂಗಡಿಗೆ ಯಾಕೆ ಹೋಗಬೇಕು?

ನೀರ್ಚಾಲಿನಿಂದ:

ಕಾಳು ಹುರಿಯುವ ‘ಹುರಿ’ ಬೇರೆ, ಹಗ್ಗದ ‘ಹುರಿ’ ಬೇರೆ. ಕಿಟ್ಟೆಲ್ ಕೋಶ 1894ರಿಂದ ಅಚ್ಚಿನಲ್ಲಿದೆ, ತೆರೆಯಬಹುದು. ಮೈಸೂರಿನವರಿಗೆ ಉತ್ತರವಿಲ್ಲ.

ಬದಿಯಡ್ಕದಿಂದ:

ನಾನು ಪಂಡಿತನಲ್ಲ, ಗ್ಯಾರೇಜಿನವ. ಇಲ್ಲಿ ಟ್ಯೂನಿಂಗ್‌ಗೆ ಟ್ಯೂನಿಂಗ್ ಅಂತಲೇ ಹೇಳುವುದು, ಮಲಯಾಳಿ ಗಿರಾಕಿಗೂ ಕನ್ನಡ ಗಿರಾಕಿಗೂ. ‘ಶ್ರುತಿ’ ಹಾಕಿದರೆ ಕಾರ್ಬೊರೇಟರ್ ಮತ್ತು ಇಗ್ನಿಷನ್ ಟೈಮಿಂಗ್ ಸರಿಮಾಡುವುದು ಅಂತ ಮಾತ್ರ ಅರ್ಥ ಆದೀತು. ಡ್ರ್ಯಾಗ್‌ಗೆ ಅಷ್ಟು ಸಾಲದು ಮಾರಾಯ್ರೆ. ಆ ಕ್ಯಾಮರೊಗೆ ಹಿಂದೆ ಲೀಫ್ ಪ್ಲೇಟ್, ಅಂದರೆ ಪಟ್ಟಿ ಸ್ಪ್ರಿಂಗ್, ನಮ್ಮ ಪದ್ಮಿನಿ, ಅಂಬಾಸಿಡರ್‌ಗೆ ಇದ್ದ ಹಾಗೆ. ಎಂಜಿನ್ನಿನ ಬಲ ಒಮ್ಮೆಲೇ ಹಿಂದಿನ ಆಕ್ಸಲ್‌ಗೆ ಬಂದಾಗ ಆಕ್ಸಲಿನ ಹೊರಚಿಪ್ಪೇ (ಹೌಸಿಂಗ್) ತಿರುಗಲು ನೋಡ್ತದೆ, ಪ್ಲೇಟು ಎಸ್ ಆಕಾರಕ್ಕೆ ಮಡಚಿಕೊಳ್ತದೆ, ಟಯರು ನೆಲ ಹಿಡಿಯುವ ಬದಲು ದಡದಡ ಕುಣಿಯುತ್ತದೆ. ಹಾಗಾಗದಂತೆ ಟ್ರ್ಯಾಕ್ಷನ್ ಬಾರ್ ಕಟ್ಟುವುದು. ಮುಂದಿನ ಶಾಕ್ ಅಬ್ಸಾರ್ಬರ್ ಸಡಿಲ ಮಾಡುವುದು ಮೂಗು ಎದ್ದು ಭಾರ ಹಿಂದಿನ ಟಯರಿಗೆ ಹೋಗಲಿಕ್ಕೆ. ಟಯರಿನ ಗಾಳಿ ಇಳಿಸುವುದೂ ಹಿಡಿತಕ್ಕೇ. ಇವೆಲ್ಲ ಟ್ಯೂನಿಂಗೇ. ಎಂಜಿನ್ ಇದರಲ್ಲಿ ಅರ್ಧ ಪಾಲು ಮಾತ್ರ.

ಮೊದಲ 60 ಅಡಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಅವರು ಬೇರೆಯೇ ಅಳೆಯುತ್ತಾರೆ. ಅಲ್ಲಿ ಉಳಿಸಿದ ಸಮಯ ಕೊನೆಯಲ್ಲಿ ಇನ್ನಷ್ಟು ಬೆಳೆದು ಕಾಣಿಸ್ತದೆ. ಆದ ಕಾರಣ ಲಾಂಚ್‌ಗೆ ಒಳ್ಳೇ ಪದ ಹುಡುಕಿ, ಟ್ಯೂನಿಂಗ್ ಹಾಗೇ ಬಿಡಿ.

ಪೈವಳಿಕೆಯಿಂದ:

‘ಡ್ರ್ಯಾಗ್ ಸ್ಟ್ರಿಪ್’ ನಮ್ಮಲ್ಲಿ ಯಾವತ್ತಿನಿಂದಲೂ ಉಂಟು. ಜೋಡುಕರೆ! ನಮ್ಮೂರಲ್ಲಿ ನಡೆಯುವುದು ಜೋಡುಕರೆ ಕಂಬಳ. ಎರಡು ಕರೆ ಅಕ್ಕಪಕ್ಕ, ಈ ತುದಿಯಿಂದ ಕೋಣ ಬಿಡುವುದು, ಆ ತುದಿಯ ಮಂಜೊಟ್ಟಿಗೆ ಮುಟ್ಟುವುದು. ‘ಸ್ಟ್ರಿಪ್’ಗೂ ‘ಕರೆ’ಗೂ ನಂಟು ನೋಡಿ: ಹೊಳೆಯ ಕರೆ, ಮುಂಡಿನ ಕರೆ, ಓಟದ ಕರೆ, ಎಲ್ಲಾ ಉದ್ದುದ್ದದ ಅಂಚುಪಟ್ಟಿ. ತಮಿಳಿನಲ್ಲಿ ‘ಕರೈ’, ಮಲಯಾಳದಲ್ಲಿ ‘ಕರ’. ಲಾಂಚ್‌ಗೆ ‘ಬಿಡುವುದು’ ಅಂತಲೇ ಹಾಕಿ.

ಬೆಂಗಳೂರಿನಿಂದ:

‘ಕಾರು ಬಿಡುವುದು’ ಅಂದರೆ ಓಡಿಸುವುದು ಅಷ್ಟೇ. ಮತ್ತೆ ‘ಕರೆ’ ತುಳು. ರಾಯಚೂರಿನ ಓದುಗ ಫೋನ್ ಕರೆ ಅಂದುಕೊಳ್ಳುತ್ತಾನೆ. ಪ್ರಾದೇಶಿಕ ಪದಗಳ ಪ್ರದರ್ಶನಕ್ಕೆ ಅನುವಾದ ಬಳಸಬೇಡಿ.

ಪೈವಳಿಕೆಯಿಂದ:

2020ರಲ್ಲಿ ಐಕಳದ ಕಂಬಳದಲ್ಲಿ 142.50 ಮೀಟರ್ 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆಗಲೂ ‘ಕರೆ’ ಎಂಬ ಮಾತು ನಿಮ್ಮ ಕಿವಿಗೆ ಬೀಳಲಿಲ್ಲವೇ? ಇಂಗ್ಲಿಷಿನ ಪದ ರಾಯಚೂರಿಗೆ ಅರ್ಥವಾಗ್ತದೆ, ನಮ್ಮದು ಆಗುವುದಿಲ್ಲ! ಗಡಿ ದಾಟಿದ ಕನ್ನಡವನ್ನು ಕೇರಳ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ನಾವು ಕೂಗುವುದು. ನೀವೂ ಹಿಡಿಯದಿದ್ದರೆ ಯಾರತ್ರ ಹೇಳುವುದು?

ಮೈಸೂರಿನಿಂದ:

ರಾಜಕೀಯ ಬೇರೆ ಕಡೆ ಮಾಡೋಣ. ಎರವಲು ತಪ್ಪಲ್ಲ, ಆದರೆ ಎರವಲಿಗೂ ಒಂದು ಶಿಸ್ತು ಬೇಕು.

ಬದಿಯಡ್ಕದಿಂದ:

ಶಿಸ್ತು ಎಲ್ಲಿಂದ ಬಂದದ್ದು ಸಾರ್? ಪಾರಸಿಯಿಂದ ಅಂತ ನೀವೇ ಹೋದ ತಿಂಗಳು ಬರೆದದ್ದು.

ಕುಂಬಳೆಯಿಂದ:

ಜಗಳದ ನಡುವೆ ಒಂದು ಮಾತು. ಲಾಂಚ್‌ಗೆ ‘ಎತ್ತುಗಡೆ’ ಆಗುವುದಿಲ್ಲವೇ? ಯಕ್ಷಗಾನದಲ್ಲಿ ಭಾಗವತರ ಪದ್ಯದ ಎತ್ತುಗಡೆ ಅಂತೇವೆ, ಪಾರ್ತಿಸುಬ್ಬನ ಊರಿನವರಿಗೆ ಅದು ದಿನಬಳಕೆ. ಮೊದಲ ಸೊಲ್ಲಿನಲ್ಲೇ ಪದ್ಯ ನಿಲ್ಲುತ್ತದೋ ಇಲ್ಲವೋ ಗೊತ್ತಾಗುವ ಜಾಗ ಅದು. ಕಾರಿನ ಮೂಗೂ ಆ ಹೊತ್ತಿಗೆ ಏಳುತ್ತದೆ ಅಂತ ಬದಿಯಡ್ಕದವರು ಬರೆದಿದ್ದಾರಲ್ಲ.

‘ಆರಂಭ’ ಬೇಡವೇ ಬೇಡ. ಅಲ್ಲಿ ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೊಂದು ಉರಿದು ಹಸಿರು ಬರುತ್ತದೆ, ಆದರೆ ಕಾರಿನ ಗಡಿಯಾರ ಶುರುವಾಗುವುದು ಹಸಿರಿಗಲ್ಲ, ಮುಂದಿನ ಟಯರು ಹೊರಡುವ ಗೆರೆಯಲ್ಲಿರುವ ಬೆಳಕಿನ ಕಿರಣ ಬಿಟ್ಟು ಹೊರಟಾಗ. ದೀಪ ನೋಡಿ ತಡವಾಗಿ ಹೊರಟವ ಕಡಿಮೆ ಸೆಕೆಂಡಿನಲ್ಲಿ ಓಡಿಯೂ ಸೋಲಬಹುದು. ಓಟದ ಆರಂಭ ಒಂದು, ಕಾರಿನ ಎತ್ತುಗಡೆ ಇನ್ನೊಂದು. ಎರಡಕ್ಕೂ ಒಂದೇ ಪದ ಹಾಕಿದರೆ ಲೇಖನದ ಅರ್ಧ ಭಾಗ ಅರ್ಥವಾಗದು.

ಬೆಂಗಳೂರಿನಿಂದ:

‘ಪಿಕಪ್’ ಅನ್ನು ಅಕ್ಷರಶಃ ಕನ್ನಡ ಮಾಡಿದಂತಿದೆ.

ಬದಿಯಡ್ಕದಿಂದ:

ಪಿಕಪ್ ಬೇರೆ. ಪಿಕಪ್ ಇದ್ದೂ ಎತ್ತುಗಡೆ ಕೆಟ್ಟ ಕಾರು ಬೇಕಾದಷ್ಟು ಉಂಟು. ಟಯರು ಸುತ್ತಿ ಹೊಗೆ ಬರ್ತದೆ, ಕಾರು ಅಲ್ಲೇ. ಪದ ನನಗೆ ಒಪ್ಪಿಗೆ.

ನೀರ್ಚಾಲಿನಿಂದ:

‘ಎತ್ತುಗಡೆ’ ಅಚ್ಚಗನ್ನಡ. ಆದರೆ ಶೀರ್ಷಿಕೆಯಲ್ಲಿ ‘ಹುರಿಗೊಳಿಕೆ’ ಇಲ್ಲದಿದ್ದರೆ ನಾನು ಓದುವುದಿಲ್ಲ.

ಕಾಸರಗೋಡಿನಿಂದ, ಸಂಜೆ:

ಎಲ್ಲರಿಗೂ ಉಪಕಾರ. ‘ಎತ್ತುಗಡೆ’ ಇಟ್ಟೆ. ‘ಡ್ರ್ಯಾಗ್ ಸ್ಟ್ರಿಪ್’ ಮೊದಲ ಸಲ ಹಾಗೇ ಬರೆದು, ಆಮೇಲೆ ಉದ್ದಕ್ಕೂ ‘ಜೋಡುಕರೆ’. ಶೀರ್ಷಿಕೆ ಟ್ಯೂನಿಂಗ್ ಅಂತಲೇ, ಮಾಷ್ಟ್ರು ಕ್ಷಮಿಸಬೇಕು. ಒಳಗೆ ಒಂದು ಕಡೆ ‘ಹುರಿಗೊಂಡ ಎಂಜಿನ್’ ಉಂಟು. ಈಗಷ್ಟೇ ಪುಟದ ಕರಡು ಬಂತು. ತಿದ್ದುವವರು ‘ಜೋಡುಕರೆ’ಯನ್ನು ಎಲ್ಲಾ ಕಡೆ ‘ಜೋಡುಕೆರೆ’ ಮಾಡಿದ್ದಾರೆ. ಕ್ಯಾಮರೊ ಈಗ ಎರಡು ಕೆರೆಯಲ್ಲಿ ಓಡ್ತಾ ಉಂಟು.

ಬೆಂಗಳೂರಿನಿಂದ:

ನಾನು ಹೇಳಿರಲಿಲ್ಲವೇ.

ಬದಿಯಡ್ಕದಿಂದ:

ಬೇಗ ಫೋನ್ ಮಾಡಿ ತಿದ್ದಿಸಿ. ಹಾಗೇ ಡಿಫರೆನ್ಷಿಯಲ್ ಅನುಪಾತವನ್ನೂ (ಹಿಂದಿನ ಚಕ್ರ ಒಂದು ಸುತ್ತಲು ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ನೋಡಿ. 3.08 ತೆಗೆದು 4.10 ಹಾಕಿದರೆ ಎತ್ತುಗಡೆ ಜೋರು, ಹೆದ್ದಾರಿಯಲ್ಲಿ ಎಂಜಿನ್ ಕಿರುಚುತ್ತದೆ. ತಿದ್ದುವವರು ಅದನ್ನೂ ಅದಲುಬದಲು ಮಾಡಿದರೆ ಓದಿದವ ನನ್ನ ಗ್ಯಾರೇಜಿಗೇ ಬರ್ತಾನೆ.