ಒಂದು ಗುಳಿಗೆ ಇನ್ನೊಂದಕ್ಕೆ ಏಕೆ ಅಡ್ಡಬರುತ್ತದೆ? ಔಷಧ ವಿನ್ಯಾಸಕರನ್ನು ಕೇಳಿ

(ಧಾರವಾಡದ ಬೆಳಗಿನ ನಡಿಗೆ ಬಳಗ. ಔಷಧ ಕಂಪನಿಯಲ್ಲಿ ಹೊಸ ಅಣುಗಳನ್ನು ರೂಪಿಸಿ ನಿವೃತ್ತರಾದ ಮೇಡಂ ಇಂದು ಸಂಜೆ ಉತ್ತರಿಸುತ್ತಾರೆ.)

ಬಿ.ಫಾರ್ಮ್ ವಿದ್ಯಾರ್ಥಿ: ಮೇಡಂ, ಆಮ್ಲಪಿತ್ತಕ್ಕೆ ಕೊಡುವ ಸಿಮೆಟಿಡಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮುಂತಾದವಕ್ಕೆ ಅಡ್ಡಬರುತ್ತದೆ. ಅದೇ ಕೆಲಸದ ಫ್ಯಾಮೊಟಿಡಿನ್ ಏಕೆ ಬರುವುದಿಲ್ಲ?

ಮೇಡಂ: ತಮ್ಮಾ, ಸಿಮೆಟಿಡಿನ್‌ನ ಇಮಿಡಜೋಲ್ ಉಂಗುರವನ್ನು ಬರೆದು ನೋಡು. ಅದರ ಸಾರಜನಕ ಯಕೃತ್ತಿನ ಸೈಟೋಕ್ರೋಮ್ ಕಿಣ್ವದೊಳಗಿನ ಕಬ್ಬಿಣಕ್ಕೆ ಅಂಟುತ್ತದೆ. ಬೇರೆ ಔಷಧಗಳನ್ನು ಒಡೆಯಬೇಕಾದ ಕಿಣ್ವ ಕೈಕಟ್ಟಿ ಕೂರುತ್ತದೆ. ಫ್ಯಾಮೊಟಿಡಿನ್‌ನಲ್ಲಿ ಆ ಜಾಗದಲ್ಲಿ ಥಯಜೋಲ್ ಉಂಗುರ ಇದೆ, ಅದು ಹಾಗೆ ಬಲವಾಗಿ ಅಂಟುವುದಿಲ್ಲ. ಇಂಥ ಸಾರಜನಕವನ್ನು ತೆಗೆಯುವುದು, ಆಗದಿದ್ದರೆ ಪಕ್ಕದಲ್ಲೊಂದು ಮೀಥೈಲ್ ಎಂಬ ಪುಟ್ಟ ಪರಮಾಣು ಗುಂಪನ್ನು ಕೂರಿಸಿ ಅದರ ದಾರಿ ಕಟ್ಟುವುದು ನಮ್ಮ ನಿತ್ಯದ ಕೆಲಸವಾಗಿತ್ತು.

ನವನಗರ: ‘ಚಕ್ಕೋತದ ರಸ ಖಾಲಿ ಹೊಟ್ಟೆಗೆ 1 ಲೋಟ, ಕೊಲೆಸ್ಟ್ರಾಲ್ ಮಾಯ, 10 ಜನರಿಗೆ ಕಳುಹಿಸಿ’ ಎಂದು ಬಂದಿದೆ. ನಾನು ಅಟೊರ್ವಾಸ್ಟಾಟಿನ್ ನುಂಗುತ್ತೇನೆ. ಕುಡಿಯಬಹುದೇ?

ಮೇಡಂ: ಬೇಡ. ಅದು ಆ ಗುಳಿಗೆಯನ್ನು ಒಡೆಯುವ ಕರುಳಿನ ಕಿಣ್ವವನ್ನು ಕೆಡಿಸುತ್ತದೆ, ಗುಳಿಗೆ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಹತ್ತು ಜನರಿಗೂ ಕಳುಹಿಸಬೇಡಿ.

ಕುಂದಗೋಳ: ಮೇಡಂ, ತಂದೆಗೆ ಕಿಡ್ನಿ ಕಸಿಯಾಗಿ ಬಹಳ ವರ್ಷವಾಯಿತು, ಅಜಥಯೋಪ್ರಿನ್ ನಡೆದಿದೆ. ಕಾಲಿನ ಹೆಬ್ಬೆರಳು ಬಾತಿದ್ದಕ್ಕೆ ಬೇರೊಬ್ಬರಲ್ಲಿ ತೋರಿಸಿದೆವು, ಫೆಬುಕ್ಸೊಸ್ಟಾಟ್ ಬರೆದರು. ಕಸಿಯ ಗುಳಿಗೆಯ ವಿಷಯ ಅಲ್ಲಿ ಬರಲೇ ಇಲ್ಲ. ಬಾವು ಇಳಿದಿದೆ. ಆದರೆ ಬಾಯಿ ತುಂಬ ಹುಣ್ಣು, ನಿನ್ನೆಯಿಂದ ಜ್ವರ. ಪ್ಯಾರಾಸಿಟಮಾಲ್ ಸಾಕೇ?

ಮೇಡಂ: ಸಾಲದು. ಈಗಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಬೆಳಗಿನವರೆಗೆ ಕಾಯಬೇಡಿ. ಗುಳಿಗೆಗಳ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ‘ಅಜಥಯೋಪ್ರಿನ್ ಜೊತೆ ಫೆಬುಕ್ಸೊಸ್ಟಾಟ್ ಕೊಟ್ಟಿದ್ದೇವೆ’ ಎಂಬುದು ನಿಮ್ಮ ಮೊದಲ ಮಾತಾಗಲಿ. ಬಿಳಿ ರಕ್ತಕಣಗಳ ಎಣಿಕೆ ಇಂದೇ ಆಗಬೇಕು. ದಾರಿಯಲ್ಲಿಯೇ ಕಸಿಯ ವೈದ್ಯರಿಗೆ ಫೋನ್ ಮಾಡಿ. ಮುಂದಿನ ಗುಳಿಗೆ ಅವರನ್ನು ಕೇಳಿಯೇ.

ಉಳಿದವರಿಗೆ ಕಾರಣ ಹೇಳುತ್ತೇನೆ. ಅಜಥಯೋಪ್ರಿನ್ ದೇಹದಲ್ಲಿ ಮರ್ಕ್ಯಾಪ್ಟೊಪ್ಯುರಿನ್ ಆಗುತ್ತದೆ. ಅದನ್ನು ಒಡೆದು ಹೊರಹಾಕುವ ಕಿಣ್ವಗಳಲ್ಲಿ ಜಾಂಥಿನ್ ಆಕ್ಸಿಡೇಸ್ ಮುಖ್ಯ. ಕೀಲುಗಳಲ್ಲಿ ಸೇರಿ ಬಾವು ತರುವ ಯೂರಿಕ್ ಆಮ್ಲವನ್ನು ತಯಾರಿಸುವುದೂ ಅದೇ ಕಿಣ್ವ. ಫೆಬುಕ್ಸೊಸ್ಟಾಟ್ ಅದನ್ನು ಮುಚ್ಚಿದರೆ ಬೆರಳಿನ ಬಾವು ಇಳಿಯುತ್ತದೆ, ಮರ್ಕ್ಯಾಪ್ಟೊಪ್ಯುರಿನ್ ಮಾತ್ರ ಏರುತ್ತಾ ಹೋಗಿ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಯನ್ನು ಹಿಂಡುತ್ತದೆ. ಇದು ಹೊಸ ಸಂಗತಿಯಲ್ಲ. ಔಷಧ ವಿಜ್ಞಾನಿಗಳಾದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್, ಇದೇ ಕಿಣ್ವವನ್ನು ಮುಚ್ಚುವ ಅಲೊಪ್ಯುರಿನಾಲನ್ನು ಮೊದಲು ಬಳಸಿ ನೋಡಿದ್ದೇ ಮರ್ಕ್ಯಾಪ್ಟೊಪ್ಯುರಿನ್ ಬೇಗ ಒಡೆಯದಿರಲಿ ಎಂದು. ಯೂರಿಕ್ ಆಮ್ಲ ಇಳಿದದ್ದು ಕಂಡ ಮೇಲೆ ಅದು ಗೌಟ್ ಎಂಬ ಈ ಕೀಲುಬಾವಿನ ಔಷಧವಾಯಿತು. 1988ರಲ್ಲಿ ಇಬ್ಬರೂ ನೊಬೆಲ್ ಹಂಚಿಕೊಂಡರು. ಅಲೊಪ್ಯುರಿನಾಲ್, ಯೂರಿಕ್ ಆಮ್ಲದ ಮೂಲವಾದ ಪ್ಯೂರಿನ್‌ನಂತೆಯೇ ಕಾಣುವ ಅಣು. ಫೆಬುಕ್ಸೊಸ್ಟಾಟ್ ಹಾಗಲ್ಲ, ಆದ್ದರಿಂದ ಪ್ಯೂರಿನ್‌ಗಳ ಉಳಿದ ಕಿಣ್ವಗಳ ಗೊಡವೆಗೆ ಹೋಗುವುದು ಕಡಿಮೆ. ವಿನ್ಯಾಸದಲ್ಲಿ ಅದು ಮೇಲು. ಆದರೆ ಈ ಅಪಾಯ ಇರುವುದು ಗುರಿಯಾದ ಕಿಣ್ವದಲ್ಲಿಯೇ. ಅಣುವನ್ನು ಎಷ್ಟು ತಿದ್ದಿದರೂ ಹೋಗುವುದಿಲ್ಲ. ಚೀಟಿ ಬರೆಯುವ ಮುನ್ನ ಯಾರಾದರೂ ಕೇಳಬೇಕು, ಅಷ್ಟೇ.

ಸಪ್ತಾಪುರ ಕಾಕಾ: ಇದಕ್ಕೇ ಇಂಗ್ಲಿಷ್ ಔಷಧ ಬೇಡವೆನ್ನುವುದು. ಅಮೃತಬಳ್ಳಿ ಕಷಾಯ ಕೊಡಿ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ.

ಮೇಡಂ: ಕಸಿಯಾದವರಿಗೆ ಕೊಡಲೇಬೇಡಿ. ಆ ಶಕ್ತಿಯನ್ನು ತಗ್ಗಿಸಿಯೇ ಕಿಡ್ನಿ ಉಳಿಸಿಕೊಂಡಿದ್ದಾರೆ, ಹೆಚ್ಚಿಸಲು ನಿಮಗೆ ಯಾರು ಹೇಳಿದರು? ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟವರ ವರದಿಯನ್ನು ಮುಂಬೈಯ ವೈದ್ಯರು ಪ್ರಕಟಿಸಿದ್ದಾರೆ.

ಹಾವೇರಿ ಅಕ್ಕ: ಥೈರಾಯ್ಡ್ ಗುಳಿಗೆಯನ್ನು ಚಹಾದ ಜೊತೆ ನುಂಗಬಹುದೇ?

ಮಾಳಮಡ್ಡಿ: ಕಾಕಾ, ನೀವು ಸ್ಟೆಂಟ್ ಹಾಕಿಸಿಕೊಂಡಾಗ ಕಷಾಯ ನೆನಪಾಗಲಿಲ್ಲವೇ?

ಸಪ್ತಾಪುರ ಕಾಕಾ: ನನ್ನ ಸ್ಟೆಂಟ್ ನಿಮಗೇಕೆ? ಮೊದಲು ಬಳಗದ ಲೆಕ್ಕ ಕೊಡಿ.

ಮಾಳಮಡ್ಡಿ: ಯುಗಾದಿಗೇ ಕೊಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ.

ರಾಣೆಬೆನ್ನೂರು: ರಸ ಬೇಡ ಎಂದಿರಿ. ಚಕ್ಕೋತದ ತೊಳೆ ತಿನ್ನಬಹುದೇ?

ಮೇಡಂ: ರಸ ಬರುವುದು ತೊಳೆಯಿಂದಲೇ.

ಹಾವೇರಿ ಅಕ್ಕ: ಥೈರಾಯ್ಡ್?

ಬಿ.ಫಾರ್ಮ್ ವಿದ್ಯಾರ್ಥಿ: ಮೇಡಂ, ರಕ್ತದೊತ್ತಡದ ಗುಳಿಗೆಗಳಲ್ಲಿ ಕ್ಯಾಪ್ಟೊಪ್ರಿಲ್ ದಿನಕ್ಕೆ ಎರಡು ಮೂರು ಸಲ, ಲಿಸಿನೊಪ್ರಿಲ್ ಒಂದೇ ಸಲ. ಹೇಗೆ?

ಮೇಡಂ: ಲಿಸಿನೊಪ್ರಿಲ್ ಯಕೃತ್ತಿನಲ್ಲಿ ಒಡೆಯುವುದಿಲ್ಲ, ಇದ್ದ ಹಾಗೆಯೇ ಮೂತ್ರಕ್ಕೆ ನಿಧಾನವಾಗಿ ಇಳಿಯುತ್ತದೆ. ಉಳಿದದ್ದು ನಾಳೆ. ಕುಂದಗೋಳದವರೇ, ಎಲ್ಲಿದ್ದೀರಿ?

ಕುಂದಗೋಳ: ಹುಬ್ಬಳ್ಳಿಯಲ್ಲಿ. ಬಿಳಿ ರಕ್ತಕಣ 1,400ಕ್ಕೆ ಇಳಿದಿದೆ. ದಾಖಲಿಸಿಕೊಂಡು ಪ್ರತ್ಯೇಕ ಕೋಣೆ ಕೊಟ್ಟಿದ್ದಾರೆ. ಎರಡೂ ಗುಳಿಗೆ ನಿಲ್ಲಿಸಿದರು.

ಮೇಡಂ: ಕಸಿಯ ವೈದ್ಯರು ಅಲ್ಲಿನವರೊಂದಿಗೆ ನೇರವಾಗಿ ಮಾತನಾಡಲಿ. ಹೊಸದಾಗಿ ಕೊಡುವ ಔಷಧಗಳ ಹೆಸರನ್ನು ಬರೆಸಿಕೊಳ್ಳಿ.

ಸಪ್ತಾಪುರ ಕಾಕಾ: ಓದಿದೆ. ಬೆಂಚಿನ ದುರಸ್ತಿ ಎರಡು ಸಲ ಬರೆದಿದೆ.

ಮೇಡಂ: ಬೆಂಚಿಗೆ ಬೇರೆ ಗುಂಪು ಮಾಡಿಕೊಳ್ಳಿ.