ದೆಹಲಿಯಿಂದ ಬಾಗ್ಡೋಗ್ರಾಗೆ ಹೋಗುವಾಗ ಎವರೆಸ್ಟ್ ಯಾವ ಕಿಟಕಿಯಿಂದ ಕಾಣುತ್ತದೆ?

ಹಾಸನದವಳು
ನವೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ದೆಹಲಿಯಿಂದ ಬಾಗ್ಡೋಗ್ರಾಗೆ ಬೆಳಗಿನ ವಿಮಾನ. ಅಪ್ಪನಿಗೆ ಮಂಡಿನೋವು, ಬೆಟ್ಟ ಹತ್ತೋದು ಆಗಲ್ಲ, ಆದರೆ ಎವರೆಸ್ಟ್ ಒಮ್ಮೆ ಕಣ್ಣಾರೆ ನೋಡಬೇಕು ಅಂತ ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಎ ಸೀಟಾ, ಎಫ್ ಸೀಟಾ? ಎಷ್ಟನೇ ಸಾಲು? ದಯವಿಟ್ಟು ಹೋಗಿ ಬಂದವರು ಹೇಳಿ.

ಮಲೆನಾಡಿಗ
ಕಣ್ಣು ಮುಚ್ಚಿಕೊಂಡು ಎ ತಗೊಳ್ಳಿ. ವಿಮಾನ ಪೂರ್ವಕ್ಕೆ ಹೋಗುತ್ತದೆ, ಹಿಮಾಲಯ ಉತ್ತರಕ್ಕೆ, ಅಂದರೆ ಎಡಗಡೆ. ಆ ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಎಡಗಡೆ ಕೂತವರ ಕಣ್ಣಿಗೆ ಬಿಸಿಲು ಹೊಡೆಯಲ್ಲ, ನಮ್ಮ ಕಡೆ ಇರುವ ಹಿಮದ ಮೇಲೇ ಬೆಳಕು ಬೀಳುತ್ತದೆ. ವಾಪಸ್ ಬರುವಾಗ ಎಫ್.

ನಾನು ಮೊದಲ ಸಲ ಹೋದಾಗ ಇದು ಗೊತ್ತಿಲ್ಲದೆ ಬಲಗಡೆ ಕೂತೆ. ಎರಡು ಗಂಟೆ ಬರೀ ಬಯಲು ನೋಡಿದೆ, ಆ ಕಡೆಯವರೆಲ್ಲ ಫೋನ್ ಹಿಡಿದು ಕಿಟಕಿಗೆ ಅಂಟಿಕೊಂಡಿದ್ದರು. ತುಂಬಾ ಬೇಜಾರಾಯಿತು.

ಪಯಣಿ
ಸಾಲು ಕೂಡ ಮುಖ್ಯ. ರೆಕ್ಕೆಗಿಂತ ಮುಂದೆ ಕೂರಿ, ಏರ್‌ಬಸ್ ಎ320 ವಿಮಾನದಲ್ಲಿ ಸಾಮಾನ್ಯವಾಗಿ 8ನೇ ಸಾಲಿನ ಒಳಗೆ. ತೀರಾ ಹಿಂದೆ ಕೂತರೂ ಕಾಣುತ್ತದೆ, ಆದರೆ ಎಂಜಿನ್‌ನ ಬಿಸಿ ಗಾಳಿ ಅಡ್ಡ ಬಂದು ಬೆಟ್ಟ ಅಲುಗಾಡಿದ ಹಾಗೆ ಕಾಣುತ್ತದೆ, ಫೋಟೋ ಮಸುಕಾಗುತ್ತದೆ. ವಿಮಾನ ಬೋಯಿಂಗ್ 737 ಆಗಿದ್ದರೆ ಹುಷಾರು, ರೆಕ್ಕೆಯ ಹತ್ತಿರ ಎಡಗಡೆ ಒಂದು ಸಾಲಿಗೆ ಕಿಟಕಿಯೇ ಇರಲ್ಲ, ಅಲ್ಲಿ ಗೋಡೆಯೊಳಗೆ ಎಸಿ ಕೊಳವೆ ಹೋಗಿರುತ್ತದೆ.

ಅಪ್ಪ ಅಮ್ಮನಿಗೆ ಎ, ಬಿ ಅಂತ ಜೊತೆಗೆ ಹಾಕಬೇಡಿ. ಒಂದರ ಹಿಂದೆ ಒಂದು ಎ ಕೊಡಿ, ಇಬ್ಬರಿಗೂ ಕಿಟಕಿ ಸಿಗುತ್ತದೆ ಅಲ್ವಾ.

ಹಾಸನದವಳು
ಅದು ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್! ಆದರೆ ಅಷ್ಟು ಬೆಟ್ಟಗಳಲ್ಲಿ ಎವರೆಸ್ಟ್ ಯಾವುದು ಅಂತ ಗುರುತು ಹಿಡಿಯೋದು ಹೇಗೆ?

ಮಲೆನಾಡಿಗ
ಅವಸರ ಮಾಡಬೇಡಿ, ಅದು ಕೊನೆಗೆ ಬರುತ್ತದೆ. ಹೊರಟು ಮುಕ್ಕಾಲು ಗಂಟೆ ಒಂದು ಗಂಟೆಯಲ್ಲಿ, ಗೋರಖ್‌ಪುರದ ನೇರಕ್ಕೆ ಬರುವಾಗ ಧವಳಗಿರಿ, ಆಮೇಲೆ ಅನ್ನಪೂರ್ಣಾ, ಮನಸ್ಲು. ಎಲ್ಲವೂ 8000 ಮೀಟರ್ ದಾಟಿದವು, ಎಷ್ಟೋ ಜನ ಅನ್ನಪೂರ್ಣಾವನ್ನೇ ಎವರೆಸ್ಟ್ ಅಂದುಕೊಂಡು ಕಿಟಕಿ ಮುಚ್ಚಿ ಮಲಗಿಬಿಡುತ್ತಾರೆ. ಎವರೆಸ್ಟ್ ಎದುರಿಗೆ ಬರೋದು ಸುಮಾರಾಗಿ ವಿಮಾನ ಇಳಿಯೋಕೆ ಶುರು ಮಾಡುವ ಹೊತ್ತಿಗೆ. ಮುಂದೆ ನುಪ್ಟ್ಸೆ, ಲೋಟ್ಸೆಯ ಉದ್ದನೆಯ ಗೋಡೆ, ಅದರ ಹಿಂದಿನಿಂದ ತಲೆ ಎತ್ತಿದ ಕಪ್ಪು ಗೋಪುರದಂಥದ್ದೇ ಎವರೆಸ್ಟ್. ಗಾಳಿಗೆ ಹಿಮ ನಿಲ್ಲದೆ ಬಂಡೆ ಕಪ್ಪಗೆ ಕಾಣುತ್ತದೆ, ಕೆಲವು ದಿನ ತುದಿಯಿಂದ ಬಿಳಿ ಹೊಗೆಯ ಹಾಗೆ ಹಿಮ ಹಾರುತ್ತಿರುತ್ತದೆ. ಬಲಕ್ಕೆ ಒಂಟಿಯಾಗಿ ನಿಂತದ್ದು ಮಕಾಲು. ಇನ್ನೂ ಬಲಕ್ಕೆ ಅಗಲವಾಗಿ ಹರಡಿಕೊಂಡದ್ದು ಕಾಂಚನಜುಂಗಾ. ಅದನ್ನು ಆಕಾಶ ತಿಳಿಯಾಗಿದ್ದರೆ ಡಾರ್ಜಿಲಿಂಗ್‌ನಲ್ಲೇ ನೋಡಬಹುದು, ಟೈಗರ್ ಹಿಲ್‌ನಿಂದ ಎವರೆಸ್ಟ್ ಕಂಡರೂ ಪುಟ್ಟ ತುದಿಯಷ್ಟೇ. ಅದಕ್ಕೇ ವಿಮಾನದಲ್ಲಿ ತಪ್ಪಿಸಿಕೊಳ್ಳಬೇಡಿ.

ಪಯಣಿ
ಫೋನನ್ನು ಗಾಜಿಗೆ ಒತ್ತಬೇಡಿ, ಅದುರುತ್ತದೆ. ಗಾಢ ಬಣ್ಣದ ಬಟ್ಟೆ ಹಾಕಿಕೊಂಡರೆ ಗಾಜಿನಲ್ಲಿ ನೆರಳು ಕಮ್ಮಿ.

ಹಾಸನದವಳು
6ಎ ಅಪ್ಪನಿಗೆ, 7ಎ ಅಮ್ಮನಿಗೆ ಹಾಕಿದೆ. ಶಿಖರಗಳ ಹೆಸರನ್ನು ಸಾಲಾಗಿ ದೊಡ್ಡ ಅಕ್ಷರದಲ್ಲಿ ಬರೆದು ಅಪ್ಪನ ಕೈಗೆ ಕೊಡುತ್ತೇನೆ.